ನನ್ನ ತಂಗಿಯನ್ನು ದಯವಿಟ್ಟು ಸಾಯಿಸಬೇಡಿ

ಚಿನ್ನದ ಗಣಿಯ ಏಳನೆಯ ಪಾತಳಿ,
ಫೆಬ್ರವರಿ ಮೂವತ್ತೊಂದು, ೨೪೧೯

ಇಪ್ಪತ್ತೊಂದನೆಯ ಶತಮಾನದ ಕಾದಂಬರಿಕಾರರಿಗೆ ನಮಸ್ಕಾರ.

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮನ್ನಾಳುವ ಜಲಪ್ರಭುತ್ವ ತಿಂಗಳಿಗೊಮ್ಮೆ ನೀರು ಕೊಡುತ್ತದೆ. ಉಳಿತಾಯಕ್ಕಾಗಿ ತಿಂಗಳನ್ನೇ ಹಿಗ್ಗಿಸಿದೆ. ನಮ್ಮ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. 'ಗೂಡು' ಎಂದರೆ ಬಂಡೆಯಲ್ಲಿ ಕೊರೆದ ಮನೆ. 'ತೇವ' ಎಂದರೆ ಒಬ್ಬರ ದಿನದ ನೀರು, ಲೋಟಕ್ಕಿಂತ ತುಸು ಕಡಿಮೆ. ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಈ ಹಳೆಯ ಗಣಿಗೆ ಇಳಿದರು. ಬದುಕು ನೀರಸ, ಅಕ್ಷರಶಃ.

ನೀರೇನೋ ಇದೆ. ಗೂಡುಗಳ ಕೆಳಗೆ ದೊಡ್ಡ ಕೊಳ, ಅದಕ್ಕೊಂದು ಕಬ್ಬಿಣದ ಬಾಗಿಲು, ಬಾಗಿಲಿಗೊಂದು ಚಕ್ರ. ಹತ್ತು ಜನ ಒಟ್ಟಿಗೆ ಕೈಹಾಕಿದರೆ ತಿರುಗುತ್ತದೆ. ಕಾವಲಿಗಿರುವವನು ಒಬ್ಬನೇ, ಅವನಿಗೂ ದಮ್ಮು. ಆದರೂ ಯಾರೂ ಹೋಗುವುದಿಲ್ಲ, ಏಕೆಂದರೆ ನಾವು ಓದಿಕೊಂಡವರು. ಓದಿದ್ದೆಲ್ಲ ನಿಮ್ಮನ್ನೇ. ಮೇಲಿನ ಪಾತಳಿಯಲ್ಲಿ ಸಿಕ್ಕ ನಿಮ್ಮ ಕರಾಳ ಭವಿಷ್ಯದ ಕಾದಂಬರಿಗಳಲ್ಲೆಲ್ಲ ಕ್ರಿಸ್ತನಂಥ ಒಬ್ಬರು ಬರುತ್ತಾರೆ. ತಮ್ಮ ಪಾಲು ಹಂಚುತ್ತಾರೆ, ಆಪ್ತರೊಬ್ಬರು ಹಿಡಿದುಕೊಡುತ್ತಾರೆ, ಸಾಯುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತದೆ. ನೀವು ಕಥೆ ಬರೆದಿರಿ, ನಾವು ಅದನ್ನು ಪಂಚಾಂಗ ಮಾಡಿಕೊಂಡೆವು. ಉದ್ಧಾರವನ್ನೂ ಉದ್ದರಿ ತರುವ ಜನ.

ನನ್ನ ತಂಗಿಯ ಹೆಸರು ನೇಸರಿ. ಸೂರ್ಯನನ್ನೇ ಕಾಣದ ಊರಿನಲ್ಲಿ ಅಂಥ ಹೆಸರಿಟ್ಟದ್ದು ಅಪ್ಪನ ತಮಾಷೆ. ಪಕ್ಕದ ಗೂಡಿನ ಜಲಜಾಕ್ಷಮ್ಮನ ಸೊಸೆ ಜ್ವರದಿಂದ ಒಣಗುತ್ತಿದ್ದಾಗ ಇವಳು ತನ್ನ ತೇವವನ್ನು ಕುಡಿಸಿದಳು. ಸೊಸೆ ಎದ್ದು ಕೂತಳು. ತೇವ ಹಂಚಿದವರಿಗೆ ಇಲ್ಲಿ ಮರಣದಂಡನೆ. ಯಾರಾದರೂ ಹೋಗಿ ಪ್ರಭುತ್ವಕ್ಕೆ ಹೇಳಬೇಕು, ಅಷ್ಟೆ.

ಮರುದಿನದಿಂದ ಜನ ಅವಳ ಸೆರಗು ಮುಟ್ಟತೊಡಗಿದರು. ಶಿಷ್ಯರ ಜಾಗಕ್ಕೆ ನೂಕುನುಗ್ಗಲು. ನೇಸರಿ ಬೈದಳು: "ನಂಗೆ ಸಾಯೋಕೆ ಪುರುಸೊತ್ತಿಲ್ಲ. ಹತ್ತು ಜನ ಬನ್ರಪ್ಪ, ಚಕ್ರ ತಿರುಗಿಸಿ ಮನೆಗೆ ಹೋಗಿ ಮಲಗೋಣ." ಎಲ್ಲರೂ ಕಣ್ಣೊರೆಸಿಕೊಂಡರು. "ಎಂಥಾ ವಿನಯ ನೋಡ್ರೀ," ಎಂದನೊಬ್ಬ. ಇನ್ನೊಬ್ಬ ಅವಳ ಮಾತನ್ನು ಗೋಡೆಯ ಮೇಲೆ ಕೆತ್ತಿದ.

ಮೊನ್ನೆ ಜಲಜಾಕ್ಷಮ್ಮ ನನ್ನ ಪಕ್ಕ ಕೂತು, ಮದುವೆಯ ಮಾತೆತ್ತುವವರ ಹಾಗೆ ಮೆಲ್ಲಗೆ ಶುರುಮಾಡಿದರು. "ಬೇಜಾರು ಮಾಡ್ಕೋಬೇಡ ಕಣಪ್ಪ. ಹೋಗಿ ಹೇಳೋ ಕೆಲ್ಸ ನಿನ್ನದೇ. ಒಡಹುಟ್ಟಿದೋನು ಹಿಡ್ಕೊಟ್ರೇನೇ ಚೆಂದ."

"ನಿಮ್ಮ ಸೊಸೆ ಬದುಕಿರೋದು ಅವಳಿಂದ ಅಲ್ವಾ?" ಎಂದೆ.

"ಅದಕ್ಕೇ ತಾನೇ ಇಷ್ಟು ಪ್ರೀತಿ," ಎಂದು ನನ್ನ ಬೆನ್ನು ಸವರಿದರು. ದ್ವೇಷವಾಗಿದ್ದರೆ ಬಾಗಿಲಿಗೆ ಅಗಳಿ ಹಾಕಿಕೊಳ್ಳಬಹುದಿತ್ತು. ನಾನು ಒಪ್ಪದಿದ್ದರೆ ನಾಳೆ ತಾವೇ ಹೋಗುತ್ತಾರಂತೆ, ಅಳುತ್ತಾ. ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ನಿನ್ನೆ ನೇಸರಿ ಊಟ ಬಡಿಸುವಾಗ, ಅವಳ ಕೊನೆಯ ಮಾತು ಏನಿದ್ದರೆ ಚೆನ್ನಾಗಿರುತ್ತದೆ ಎಂದು ನಾನೇ ಯೋಚಿಸುತ್ತಿದ್ದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಈಗ ಅಂಥ ಕಾದಂಬರಿ ಬರೆಯುತ್ತಿದ್ದರೆ, ಕೊನೆಯ ಅಧ್ಯಾಯ ಬದಲಿಸಿ. ನಾಯಕಿಗೆ ಮಂಡಿನೋವು ಬರಲಿ, ಮುಪ್ಪು ಬರಲಿ. ಹತ್ತು ಸಾಮಾನ್ಯರು ಗೊಣಗುತ್ತಾ ಎದ್ದು ಬರಲಿ. ಆ ಪುಟ ತುಸು ಬೇಸರ ತರಿಸಿದರೂ ಪರವಾಗಿಲ್ಲ; ನೀವು ಚೆಂದಗಾಣಿಸಿದ್ದನ್ನು ನಾವು ಮಾಡಿಬಿಡುತ್ತೇವೆ.

ಬೇಗ ಬರೆಯಿರಿ. ಹೊರಗೆ ನೇಸರಿ ಮತ್ತೆ ಚಕ್ರದ ಬಳಿ ನಿಂತು ಜನರನ್ನು ಕೂಗುತ್ತಿದ್ದಾಳೆ. ಎಲ್ಲರೂ ಬಂದಿದ್ದಾರೆ, ಕೈ ಮುಗಿದುಕೊಂಡು. ಚಕ್ರ ಹಿಡಿಯಲು ಒಂದು ಕೈಯೂ ಖಾಲಿಯಿಲ್ಲ.