ಪಿಂಗಾಣಿ ಬೆಕ್ಕುಗಳು ನನ್ನ ಮಂಚದ ಮೇಲಿವೆ

ಅಕ್ಕಾ,

“ನನ್ನ ಬೆಕ್ಕು ಮುಟ್ಟಿದ್ರೆ ಕೈ ಮುರೀತೀನಿ” ಅಂತ ಕೂಗಿ, ಬಾಗಿಲು ಬಡಿದು ಕೆಲಸಕ್ಕೆ ಹೋದೆಯಲ್ಲ, ಮುಟ್ಟಿದ್ದೇನೆ. ಬಂದು ಮುರಿ.

ಮತ್ತೇನು ಮಾಡಲಿ? ಅವು ಕೂತಿದ್ದ ಗೋಡೆಯ ಮುಂದೆ ಗಾರೆಯವನು ಸುತ್ತಿಗೆ ಹಿಡಿದು ನಿಂತಿದ್ದ. “ಅಣ್ಣಾ, ಗೋಡೆ ಒಡೆಯೋದಾ, ಇಲ್ಲ ಬೆಕ್ಕಿಗೆ ಹಾಲು ಹಾಕೋದಾ?” ಅಂದ. ಅವನ ಕೈಗೆ ಕೊಡಲಿಲ್ಲ. ಒಂದೊಂದನ್ನೂ ನಾನೇ ಇಳಿಸಿ, ಸುತ್ತಿ, ಪೆಟ್ಟಿಗೆಗೆ ಹಾಕಿದ್ದೇನೆ. ಒಂದರ ಮೀಸೆಯೂ ಕೊಂಕಿಲ್ಲ. ಕಿವಿ ಮುರಿದ ಬೆಕ್ಕಿನ ವಿಷಯಕ್ಕೆ ಜಗಳ ತೆಗೆಯಬೇಡ, ನೀನು ತಂದಾಗಲೇ ಅದು ಹಾಗಿತ್ತು.

ಹಳೇ ಪೇಪರು ಸಾಲಲಿಲ್ಲ, ನನ್ನ ಅಂಗಿಗಳಲ್ಲೇ ಸುತ್ತಿದೆ. ಒಗೆದವೇ, ಮೂಸಿ ನೋಡಬೇಡ. ‘ಪಾಪ, ತಮ್ಮನಿಗೆ ಅಂಗಿ ಬೇಕಲ್ಲ’ ಎಂದು ಬಿಚ್ಚಲೂ ಬೇಡ.

ಈ ಮನೆಯಲ್ಲಿ ಯಾರೂ ತುಳಿಯದ ಜಾಗ ಈಗ ನನ್ನ ಮಂಚ ಒಂದೇ. ಪೆಟ್ಟಿಗೆಗಳನ್ನು ಅಲ್ಲಿಟ್ಟು, ಧೂಳು ಬೀಳದ ಹಾಗೆ ಕಂಬಳಿ ಹೊದಿಸಿದ್ದೇನೆ. ಕೆಳಗಿಳಿಸಿದರೆ ನೋಡು!

ಅಡಿಗೆ ಮುಚ್ಚಿಟ್ಟಿದ್ದೇನೆ, ಸಿಟ್ಟಿಗೆ ಉಪವಾಸ ಮಲಗಬೇಡ. ನನ್ನ ದಾರಿ ಕಾಯಬೇಡ, ಗೋಡೆ ಕೆಲಸ ಮುಗಿಯುವ ತನಕ ನಾನು ಬರುವುದಿಲ್ಲ. ನಮ್ಮ ಗ್ಯಾರೇಜಿನಲ್ಲಿ ರಿಪೇರಿಗೆ ಬಂದ ಬಸ್ಸು ನಿಂತಿದೆ, ಅದರ ಹಿಂದಿನ ಸೀಟು ಕಾಲು ಚಾಚುವಷ್ಟು ಉದ್ದವಿದೆ. ನನ್ನ ಗೊರಕೆಯಿಲ್ಲದೆ ನೀನೂ ನಿನ್ನ ಬೆಕ್ಕುಗಳೂ ಹಾಯಾಗಿ ಮಲಗಿ.