ಮೇಲೆಯೋ, ಜೊತೆಯೋ

ಗುರುವಾರ, ಹನ್ನೊಂದನೇ ತಾರೀಖು.

ಸಂಜೆಯಿಂದ ಒಂದು ಪುಟ್ಟ ಪದ ಕಾಡುತ್ತಿದೆ. ಹೆಂಡತಿ ಈಚೆಗೆ ಇಂಗ್ಲಿಷ್ ತರಗತಿಗೆ ಹೋಗುತ್ತಿದ್ದಾಳೆ. ಇವತ್ತು ಬಟ್ಟೆ ಮಡಿಸುತ್ತಾ ತಾನೇ ಕಟ್ಟಿದ ವಾಕ್ಯವೊಂದನ್ನು ಒಪ್ಪಿಸಿದಳು: "ಐ ಆಮ್ ಆಂಗ್ರಿ ಆನ್ ಮೈ ಹಸ್ಬೆಂಡ್."

"ಆನ್ ಅಲ್ಲ, ವಿತ್," ಎಂದೆ.

"ವಿತ್ ಅಂದ್ರೆ ಜೊತೆ ತಾನೆ? ಕೋಪ ಇರೋದು ನಿಮ್ಮ ಮೇಲೆ. ಜೊತೆಗೆ ಕೂತ್ಕೊಂಡು ಯಾರ್ರೀ ಕೋಪ ಮಾಡ್ಕೋತಾರೆ?"

ನಮ್ಮಲ್ಲಿ ಕೋಪ, ಪ್ರೀತಿ, ಅನುಮಾನ ಎಲ್ಲವೂ ಒಬ್ಬರ ಮೇಲೆ ಬಂದು ಕೂರುತ್ತವೆ. ಇಂಗ್ಲಿಷಿನಲ್ಲಿ ಕೋಪಕ್ಕೂ ಜೊತೆ ಬೇಕೇನೋ.

"ಮುಂದಿನ ವಾಕ್ಯ, ಅಕ್ಕನ ಮನೆಗೆ ಹೋಗಿ ಇರ್ತೀನಿ ಅಂತ. ಎರಡನ್ನೂ ಸೇರಿಸೋಕೆ ನಡುವೆ ಏನು ಹಾಕಲಿ?"

"ಸೋ," ಎಂದೆ. ವ್ಯಾಕರಣಕ್ಕೆ ಅದೇ ಸರಿ.

"ಯೋಚಿಸಿ ಹೇಳಿ. ಆಮೇಲೆ ತಪ್ಪು ನನ್ನ ತಲೆಗೆ ಕಟ್ಟಬೇಡಿ."

ನಕ್ಕಳೋ ಇಲ್ಲವೋ ಕಾಣಲಿಲ್ಲ; ಮಡಿಸುತ್ತಿದ್ದ ಹೊದಿಕೆಯ ಹಿಂದೆ ಅವಳ ಮುಖ ಮರೆಯಾಗಿತ್ತು. ನನ್ನ ಬಟ್ಟೆಗಳು ಬೀರು ಸೇರಿದವು. ಅವಳವು ಇನ್ನೂ ಕುರ್ಚಿಯ ಮೇಲಿವೆ.

ಅದು ಬರೀ ಪಾಠವೋ, ಅವಳ ಮಾತೋ ತಿಳಿಯುತ್ತಿಲ್ಲ. 'ಬಟ್' ಎಂದಿದ್ದರೆ ಎರಡನೆಯ ವಾಕ್ಯವನ್ನೇ ತಿರುಗಿಸಬೇಕಾಗುತ್ತಿತ್ತು: ಕೋಪವಿದೆ, ಆದರೂ ಹೋಗುವುದಿಲ್ಲ. ಆಗ ಅದು ಹೊಳೆಯಲಿಲ್ಲ. ಅವಳು ವ್ಯಾಕರಣ ಕೇಳಿದಳು, ನಾನು ವ್ಯಾಕರಣ ಹೇಳಿದೆ. ಕೋಪ ಯಾಕೆ ಎಂದು ಕೇಳಲೇ ಇಲ್ಲ.

ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಈಗಲೇ ಎದ್ದು ಹೋಗಿ ಕೇಳಬಹುದು, ಆದರೆ...