ಇಫ್ತಾರಿನ ಹೊತ್ತು, ಎರಡು ದಾರಿ

ಮಾರ್ಚ್ 3, ಸಂಜೆ

ಇಫ್ತಾರ್ ಡ್ಯೂಟಿ ಮತ್ತೆ ನನ್ನದೇ. ರಂಜಾನ್ ಬಂತೆಂದರೆ ಆಫೀಸಿನಲ್ಲಿ ಯಾರೂ ಕೇಳುವುದೇ ಇಲ್ಲ. “ಇರೀನಿ ಕ್ರೈಸ್ತಳು, ಅವಳು ಕೂರುತ್ತಾಳೆ” ಎಂದು ಸರ್ವರ್ ಕೋಣೆಯಲ್ಲಿ ನನ್ನನ್ನೇ ಕೂರಿಸುತ್ತಾರೆ. ನನಗೂ ಉಪವಾಸವೇ, ಈಸ್ಟರ್ ತನಕ ಹಾಲು, ತುಪ್ಪ, ಮಾಂಸ ಇಲ್ಲ. ಆದರೆ ಸೂರ್ಯ ಮುಳುಗಿದ ತಕ್ಷಣ ಮನೆಗೆ ಓಡಬೇಕಿಲ್ಲವಲ್ಲ. ಟೆಕ್ನಿಷಿಯನ್ ಬಹ್ಗತ್ ಅಣ್ಣ ಹೊರಡುವಾಗ ಎಂದಿನ ಕೀಟಲೆ — “ಇಂಜಿನಿಯರಮ್ಮಾ, ಸರ್ವರ್‌ಗಳಿಗೂ ಒಂದೊಂದು ಖರ್ಜೂರ ಕೊಡಿ, ಪಾಪ.”

ಅಜಾನ್ ಆದದ್ದೇ ತಡ, ಪರದೆಯ ಮೇಲೆ ಇಂಟರ್ನೆಟ್ ಬಳಕೆಯ ಗೆರೆ ಕುಸಿಯಿತು. ಇಡೀ ಅಲೆಕ್ಸಾಂಡ್ರಿಯಾದ ಕೈ ತಟ್ಟೆಯಲ್ಲಿದೆ. ಫೋನ್ ಹಿಡಿದವರೇ ಇಲ್ಲ. ತಣ್ಣಗಾದ ಫೂಲ್ ಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡು ತಿಂದೆ. ಈ ಹೊತ್ತು ನನಗೆ ಇಷ್ಟ.

ಮಾರ್ಚ್ 6

ಎರಡನೇ ಇಂಟರ್ನೆಟ್ ಲೈನ್ ಎಳೆದಾಯಿತು, ನಕ್ಷೆಯೂ ಮುಗಿಯಿತು. ಹಳೆಯದು ಕಡಲ ದಂಡೆಯ ರಸ್ತೆಯಡಿ ಬರುತ್ತದೆ. ಹೊಸದು ಸರೋವರದ ಕಡೆಯಿಂದ. ಬೇರೆ ಕಂಪನಿ, ಬೇರೆ ಗುಂಡಿ, ಬೇರೆ ಕೇಬಲ್. ಒಳಗೆ ರೂಟರ್ ಎರಡು, ಸ್ವಿಚ್ ಎರಡು. ಎರಡೂ ದಾರಿ ನಡೆದೇ ನೋಡಿ ಬಂದೆ, ಚಪ್ಪಲಿ ಕಿತ್ತುಹೋಯಿತು. ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ.

ಚಳಿಗಾಲದಲ್ಲಿ ರಸ್ತೆ ಅಗೆಯುವವರು ಹಳೆಯ ಲೈನ್ ಕತ್ತರಿಸಿ ಅರ್ಧ ದಿನ ನಮ್ಮಲ್ಲಿರುವ ಗಿರಾಕಿಗಳ ಎಲ್ಲ ವೆಬ್ ಸೈಟ್‌ಗಳೂ ಸತ್ತಿದ್ದವು. ಗಿರಾಕಿಗಳಾದ ಅಂಗಡಿಯವರು ಬೈದು ಮರೆತರು. ಬಹ್ಗತ್ ಅಣ್ಣ ಮರೆತಿಲ್ಲ. ಅವರ ಹೆಂಡತಿ ನೇಮತ್ ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿದ್ದಾರೆ. ಕರೆಂಟ್ ಹೋಗಿ ಯಂತ್ರ ನಿಂತರೂ ಅದರೊಳಗಿನ ಸಿಮ್ ಆಂಬುಲೆನ್ಸಿನವರಿಗೆ ತಾನೇ ಸುದ್ದಿ ಕಳಿಸುತ್ತದೆ. ಆ ಸುದ್ದಿ ಹಾದುಹೋಗುವುದು ನಮ್ಮ ಸರ್ವರ್ ಮೂಲಕ.

ಇವತ್ತು ಅಣ್ಣ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು — “ಎರಡೂ ಒಟ್ಟಿಗೆ ಹೋಗಲ್ಲ ತಾನೆ?”

“ಹೋಗಲ್ಲಣ್ಣ. ನನ್ನ ಮಾತು.”

ಮಾರ್ಚ್ 12

ಪರೀಕ್ಷೆ ಮಾಡಿದೆವು. ಇಫ್ತಾರಿನ ಹೊತ್ತಿಗೇ — ಗಿರಾಕಿಗಳಿಗೆ ಗೊತ್ತೇ ಆಗಬಾರದು ಅಂತ ನಾನೇ ಆರಿಸಿದ್ದು. ಬಹ್ಗತ್ ಅಣ್ಣ ಖರ್ಜೂರ ಬಾಯಿಗೆ ಹಾಕಿಕೊಂಡು ಹಳೆಯ ಕೇಬಲ್ ಎಳೆದರು. ಎಲ್ಲ ಹೊಸ ದಾರಿಗೆ ಹೊರಳಿತು. ಒಂದು ಸೈಟೂ ಮಿಸುಕಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ.

ಇಷ್ಟು ದಿನ ನೇಮತ್ ಜೊತೆ ಅವರ ತಂಗಿ ಕರೀಮಾ ಇದ್ದಳು, ತನ್ನ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು. ಇನ್ನು ಚಿಂತೆಯಿಲ್ಲವೆಂದು ಬಹ್ಗತ್ ಅಣ್ಣ ಅವಳನ್ನು ಅವಳ ಊರು ದಮನ್‌ಹೂರಿಗೆ ಕಳಿಸಿಕೊಟ್ಟರಂತೆ. ಒಳ್ಳೆಯದಾಯಿತು ಅಂದೆ.

ಮಾರ್ಚ್ 18, ಆಸ್ಪತ್ರೆ

ಬೆಂಚಿನ ಮೇಲೆ ಕುಳಿತಿದ್ದೇನೆ. ಆದದ್ದನ್ನು ಬರೆದಿಡುತ್ತೇನೆ.

ಸರ್ವರ್ ಕೋಣೆಯ ಹೊಸ ಬ್ಯಾಟರಿಗಳು ತಡವಾಗಿ ಬಂದವು. ಒಬ್ಬಳಿಂದ ಎತ್ತಲಾಗದು. ಇರಿ ಅಂದೆ, ಬಹ್ಗತ್ ಅಣ್ಣ ಉಳಿದರು. ಅಜಾನ್. ಹಳೆಯ ಲೈನ್ ಹೋಯಿತು. ಹೊಸದು ಹಿಡಿಯಿತು. ನಾವಿಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ಹೊಸದೂ ಹೋಯಿತು.

ಹಳೆಯ ಲೈನಿನ ಕಂಪನಿಗೆ ಫೋನ್ ಮಾಡಿದೆ. “ರಿಪೇರಿ ಕೆಲಸ ಮೇಡಂ. ಇಫ್ತಾರ್ ಹೊತ್ತಲ್ವಾ, ಯಾರಿಗೆ ಗೊತ್ತಾಗುತ್ತೆ?” ಇನ್ನೊಂದು ಕಂಪನಿಯವನೂ ಅದನ್ನೇ ಹೇಳಿದ. ಮೊದಲೇ ತಿಳಿಸಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಕೇಳಿಟ್ಟುಕೊಳ್ಳಬೇಕೆಂದು ನನಗೂ. ನೆಲದ ಮೇಲೆ ಎರಡು ದಾರಿ ಮಾಡಿದೆ… ಹೊತ್ತು ಮಾತ್ರ ಎಲ್ಲರಿಗೂ ಒಂದೇ.

ಬಹ್ಗತ್ ಅಣ್ಣ ಮನೆಗೆ ಫೋನ್ ಮಾಡಿದರು. ನೇಮತ್ ಎತ್ತಲಿಲ್ಲ. ಚಪ್ಪಲಿ ಮೆಟ್ಟದೆ ಓಡಿದರು.

ಅದೇ ಹೊತ್ತಿಗೆ ಅವರ ಬಿಲ್ಡಿಂಗಿನಲ್ಲಿ ಎಲ್ಲ ಮನೆಯವರೂ ಓವನ್, ಹೀಟರ್ ಹಾಕಿ ಫ್ಯೂಸ್ ಹೋಗಿತ್ತು. ಯಂತ್ರ ನಿಂತಿತು. ಸುದ್ದಿ ಕಳಿಸಿಯೂ ಇತ್ತು. ಮುಟ್ಟಲಿಲ್ಲ. ಎದುರು ಮನೆಯಾಕೆ ತಟ್ಟೆಯಲ್ಲಿ ಕತಾಯಿಫ್ ಸಿಹಿ ಹಿಡಿದು ಬಂದವಳು ನೋಡಿ ಆಂಬುಲೆನ್ಸ್ ಕರೆದದ್ದಕ್ಕೆ ಜೀವ ಉಳಿದಿದೆ. ನೇಮತ್ ಇನ್ನೂ ಕಣ್ಣು ಬಿಟ್ಟಿಲ್ಲ.

ಮಾರ್ಚ್ 25

ನೇಮತ್ ಮನೆಗೆ ಬಂದರು. ಮಾತು ನಿಧಾನ. ಕರೀಮಾ ಮತ್ತೆ ಬಂದಿದ್ದಾಳೆ. ನಾನು ಮೂರನೇ ಲೈನ್ ಕೇಳಿದೆ, ಆಫೀಸಿನ ಯಜಮಾನರು ಒಪ್ಪಿದರು. ಈಗ ಎರಡೂ ಕಂಪನಿಯವರಿಂದ ರಿಪೇರಿ ಕೆಲಸದ ಹೊತ್ತು ಮೊದಲೇ ತರಿಸಿಕೊಳ್ಳುತ್ತೇನೆ. ಹೊಸ ನಕ್ಷೆಯನ್ನು ಬಹ್ಗತ್ ಅಣ್ಣನ ಮುಂದೆ ಬಿಡಿಸಿದೆ. ಮೂರೂ ದಾರಿಯ ಮೇಲೆ ಬೆರಳಾಡಿಸಿದರು.

“ಸಿಟ್ಟಿಲ್ಲಮ್ಮ ನಿಮ್ಮ ಮೇಲೆ. ಮಾತು ಮಾತ್ರ ಕೊಡ್ಬೇಡಿ.”

ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 28, ಸಂಜೆ

ಕರೀಮಾಳ ಮಗುವಿಗೆ ಜ್ವರ. ಅವಳು ಊರಿಗೆ ಹೋಗಲೇಬೇಕಾಯಿತು. ಬಹ್ಗತ್ ಅಣ್ಣ ಮಧ್ಯಾಹ್ನ ಬಂದು ನಿಂತರು. ರಜೆ ಕೇಳಲು ಬಂದರೆಂದುಕೊಂಡೆ. ಅಲ್ಲ. “ಇಫ್ತಾರ್ ಡ್ಯೂಟಿ ನಾನು ಮಾಡ್ತೀನಿ. ನೀವು ನೇಮತ್ ಹತ್ರ ಕೂತಿರ್ತೀರಾ? ಈ ಸರ್ವರ್ ಕೋಣೆ ಕಾಯೋಕೆ ನಾನು ಸಾಕು. ಅಲ್ಲಿಗೆ ಮಾತು ಬೇಡ, ನೀವೇ ಬೇಕು.”

ಸಂಜೆಗೆ ಮೊದಲೇ ಚೀಲ ತೆಗೆದುಕೊಂಡು ಹೊರಟೆ.

ಮಂಚದ ಪಕ್ಕ ಕುಳಿತು ಬರೆಯುತ್ತಿದ್ದೇನೆ. ಯಂತ್ರ ಗುಂಯ್ ಎನ್ನುತ್ತಿದೆ. ಕರೆಂಟ್ ಹೋದರೆ ಬೇಕೆಂದು ಆಕ್ಸಿಜನ್ ಸಿಲಿಂಡರ್ ಕಾಲಬಳಿ. ತಿರುಪುವುದನ್ನು ನೇಮತ್ ಅವರೇ ಎರಡು ಸಲ ಮಾಡಿಸಿ ನೋಡಿದರು. ನನಗೆಂದು ತುಪ್ಪ ಹಾಕದ ಬೇಳೆ ಸಾರು ಮುಚ್ಚಿಟ್ಟಿದ್ದಾರೆ.

ಅಜಾನ್ ಶುರುವಾಯಿತು. ಮೇಲಿನ ಮನೆಯಲ್ಲಿ ಪಾತ್ರೆ ಸದ್ದು. ದೀಪ ಒಮ್ಮೆ ಮಂಕಾಗಿ ಮತ್ತೆ ಬಂತು. ನೇಮತ್ ನನ್ನನ್ನೇ ನೋಡುತ್ತಿದ್ದಾರೆ. ಇಲ್ಲೇ ಇದ್ದೀನಿ ಅಂದೆ. ಮತ್ತೆ ಮಂಕು. ಪೆನ್ನು ಕೆಳಗಿಟ್ಟು ಸಿಲಿಂಡರಿನ ತಿರುಪಿಗೆ ಕೈ ಹಾಕುತ್ತೇನೆ.